ಗದ್ದೆಯ ಲೆಕ್ಕ ಗದ್ದೆಯಲ್ಲೇ ಆಗಬೇಕು



1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒಂದು ಅಂದಾಜು ಜಗತ್ತಿನ ಮುಂದೆ ಬಂತು. ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಅನಿಲವನ್ನು ಗಾಳಿಗೆ ಬಿಡುತ್ತಿವೆ ಎಂದು ಅದು ಹೇಳಿತು. ಹವಾಮಾನ ಒಪ್ಪಂದದ ಮಾತುಕತೆ ಆಗಷ್ಟೇ ಬಿಸಿಯೇರುತ್ತಿದ್ದ ಕಾಲ. ಯಾವ ದೇಶ ಎಷ್ಟು ಹೊರೆ ಹೊರಬೇಕು ಎಂಬುದು ಇಂಥ ಅಂಕಿಗಳ ಮೇಲೆ ನಿಂತಿತ್ತು. ಆ ಅಂಕಿ ಬಂದದ್ದು ಹೇಗೆ ಎಂದು ನೋಡಿದರೆ, ಯುರೋಪು ಮತ್ತು ಅಮೆರಿಕದ ಗದ್ದೆಗಳಲ್ಲಿ ಅಳೆದ ದರವನ್ನು ನಮ್ಮ ಭತ್ತದ ವಿಸ್ತೀರ್ಣದಿಂದ ಗುಣಿಸಲಾಗಿತ್ತು. ಭಾರತದ ಗದ್ದೆಯೊಂದಕ್ಕೂ ಇಳಿಯದೆ ಭಾರತದ ರೈತನ ಮೇಲೆ ಲೆಕ್ಕ ಬರೆದಾಗಿತ್ತು.

ಇದನ್ನು ಪ್ರಶ್ನಿಸಿದವರು ಇಬ್ಬಗೆಯವರು. ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಒಂದು ಪುಟ್ಟ ಪುಸ್ತಕ ಬರೆದು, ಹೊಟ್ಟೆಪಾಡಿಗಾಗಿ ಹೊರಬರುವ ಅನಿಲವನ್ನೂ ಐಷಾರಾಮಕ್ಕಾಗಿ ಹೊರಬರುವ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂದು ವಾದಿಸಿದರು. ಅದು ನೀತಿಯ ಪ್ರಶ್ನೆ. ಇನ್ನೊಂದು ಉತ್ತರ ಬಂದದ್ದು ಪ್ರಯೋಗಾಲಯದಿಂದ. ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅಯಾನುಗೋಳದ ಅಧ್ಯಯನದಲ್ಲಿ ಹೆಸರು ಮಾಡಿದ ಭೌತವಿಜ್ಞಾನಿ. ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಹಲವು ಭತ್ತದ ಪ್ರದೇಶಗಳಿಗೆ ವಿಜ್ಞಾನಿಗಳ ತಂಡಗಳು ಹೋದವು. ಮಳೆಯಾಶ್ರಿತ ಗದ್ದೆ, ನಾಲೆ ನೀರಿನ ಗದ್ದೆ, ಆಳ ನೀರಿನ ಗದ್ದೆ, ನೀರೇ ನಿಲ್ಲದ ದಿಣ್ಣೆ ಭತ್ತ ಎಲ್ಲವನ್ನೂ ಬೇರೆಬೇರೆಯಾಗಿ ಅಳೆದವು. ಬಂದ ಮೊತ್ತ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಹಳೆಯ ಅಂದಾಜಿನ ಒಂಬತ್ತರಲ್ಲೊಂದು ಪಾಲು. ಮುಂದಿನ ದಶಕಗಳಲ್ಲಿ ಇನ್ನಷ್ಟು ಅಳತೆಗಳಾದರೂ ಆ ಸಂಖ್ಯೆ ಬಹಳ ಅಲುಗಾಡಲಿಲ್ಲ. ಇವತ್ತು ನಮ್ಮ ಸರ್ಕಾರ ವಿಶ್ವಸಂಸ್ಥೆಗೆ ಕೊಡುವ ವರದಿಗಳಲ್ಲೂ ಭತ್ತದ ಪಾಲು 35 ಲಕ್ಷ ಟನ್ನಿನ ಆಸುಪಾಸಿನಲ್ಲಿದೆ.

ಈ ಉಪನ್ಯಾಸಕ್ಕೆ ನಾನು ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ಆ ಕಾಲಕ್ಕೆ ಮೀಥೇನ್ ಲೆಕ್ಕ ದೇಶದೇಶಗಳ ನಡುವಿನ ಜಗಳವಾಗಿತ್ತು. ಈಗ ಅದೇ ಲೆಕ್ಕ ನಮ್ಮ ಹೋಬಳಿಗಳಿಗೆ, ಒಬ್ಬೊಬ್ಬ ರೈತನ ಸರ್ವೆ ನಂಬರಿಗೆ ಇಳಿದು ಬರುತ್ತಿದೆ. ಕಾರ್ಬನ್ ಕ್ರೆಡಿಟ್ ಎಂಬ ಹೆಸರಿನಲ್ಲಿ ಕಂಪನಿಗಳ ಪ್ರತಿನಿಧಿಗಳು ಹಳ್ಳಿಗೆ ಬಂದು ಕಾಗದಕ್ಕೆ ಸಹಿ ಕೇಳುವ ಕಾಲವಿದು. 1991ರಲ್ಲಿ ದೇಶ ಕೇಳಿದ ಪ್ರಶ್ನೆಯನ್ನು ಈಗ ನಮ್ಮ ತಾಲ್ಲೂಕುಗಳು ಕೇಳಬೇಕು: ಅಳೆದವರು ಯಾರು, ಎಲ್ಲಿ ಅಳೆದರು, ಹೇಗೆ ಅಳೆದರು?

ಮೀಥೇನ್ ಹುಟ್ಟುವ ಬಗೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಗದ್ದೆಗೆ ನೀರು ಕಟ್ಟಿದ ಕೆಲವೇ ದಿನಗಳಲ್ಲಿ ಕೆಸರಿನೊಳಗಿನ ಆಮ್ಲಜನಕ ತೀರಿಹೋಗುತ್ತದೆ. ಆಗ ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ನೈಟ್ರೇಟನ್ನು, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟುಗಳನ್ನು ಒಂದಾದ ಮೇಲೊಂದರಂತೆ ಬಳಸಿಕೊಂಡು ಬದುಕುತ್ತವೆ. ಇವೆಲ್ಲ ಮುಗಿದ ಮೇಲೆ ಮೀಥೇನ್ ಉತ್ಪಾದಿಸುವ ಆರ್ಕಿಯಾಗಳ ಸರದಿ. ಕೂಳೆ, ಹಸಿರೆಲೆ ಗೊಬ್ಬರ, ಕಳಿಯದ ಸಗಣಿ, ಪೈರಿನ ಬೇರು ಒಸರುವ ಸಕ್ಕರೆ ಇವು ಅವಕ್ಕೆ ಆಹಾರ. ಗದ್ದೆಗೆ ಕಾಲಿಟ್ಟಾಗ ಬುಳಬುಳನೆ ಏಳುವ ಗುಳ್ಳೆಗಳಲ್ಲಿ ಈ ಅನಿಲವಿರುತ್ತದೆ. ಆದರೆ ಹೆಚ್ಚಿನ ಪಾಲು ಹೊರಬರುವುದು ಪೈರಿನ ಮೂಲಕ. ನೀರಿನಲ್ಲಿ ನಿಂತ ಬೇರಿಗೆ ಗಾಳಿ ಇಳಿಸಲೆಂದು ಭತ್ತದ ಕಾಂಡದಲ್ಲಿ ಟೊಳ್ಳು ನಾಳಗಳಿವೆ. ಅದೇ ದಾರಿಯಲ್ಲಿ ಮೀಥೇನ್ ಮೇಲಕ್ಕೆ ಬರುತ್ತದೆ. ಕೆಲವು ಹಂತಗಳಲ್ಲಿ ನೂರರಲ್ಲಿ ತೊಂಬತ್ತು ಪಾಲಿನವರೆಗೂ. ದಾರಿಯಲ್ಲಿ ಒಂದಿಷ್ಟನ್ನು ಬೇರಿನ ಸುತ್ತ ಇರುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ.

ಹೀಗಾಗಿ ಒಂದು ಗದ್ದೆ ಎಷ್ಟು ಮೀಥೇನ್ ಬಿಡುತ್ತದೆ ಎಂಬುದು ಮಣ್ಣಿನ ಇಂಗಾಲ, ಮಣ್ಣಿನ ಕಬ್ಬಿಣ, ನೀರು ನಿಂತ ದಿನಗಳು, ಹಾಕಿದ ಗೊಬ್ಬರ, ತಳಿ, ಬೆಳೆಯ ವಯಸ್ಸು ಎಲ್ಲವನ್ನೂ ಅವಲಂಬಿಸಿದೆ. ಅಳತೆ ನಡೆದ ಯುರೋಪಿನ ಗದ್ದೆಗಳಲ್ಲಿ ಬಹುಕಾಲ ನೀರು ನಿಂತಿರುತ್ತಿತ್ತು. ನಮ್ಮಲ್ಲಿ ಬಹುಪಾಲು ಮಣ್ಣುಗಳಲ್ಲಿ ಸಾವಯವ ಇಂಗಾಲ ಕಡಿಮೆ, ಮಳೆ ನಂಬಿದ ಗದ್ದೆಗಳು ಮಧ್ಯೆ ಮಧ್ಯೆ ಒಣಗಿ ಬಿರುಕು ಬಿಡುತ್ತವೆ. 3.8 ಕೋಟಿ ಮತ್ತು 40 ಲಕ್ಷದ ನಡುವಿನ ಅಂತರಕ್ಕೆ ಕಾರಣ ಈ ವ್ಯತ್ಯಾಸಗಳೇ.

ಇನ್ನು ಅಳತೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ನೋಡುವ ಎಳೆಯರಿಗೆ ಅದರ ತಳದಲ್ಲಿ ಎಂಥ ಮೈಮುರಿ ಕೆಲಸವಿದೆ ಎಂಬುದು ಗೊತ್ತಿರಬೇಕು. ನಾಟಿಯ ಹೊತ್ತಿಗೇ ಕೆಸರಿನಲ್ಲಿ ಒಂದು ಚೌಕಟ್ಟನ್ನು ಊರಿಬಿಡುತ್ತಾರೆ. ಅದರ ಅಂಚಿನಲ್ಲಿ ಸುತ್ತ ನೀರು ನಿಲ್ಲುವ ಕಾಲುವೆ ಇರುತ್ತದೆ. ಅಳೆಯುವ ದಿನ ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಂದನ್ನು ತಂದು ನಾಲ್ಕಾರು ಗುಣಿಗಳ ಪೈರು ಒಳಗೆ ಬರುವಂತೆ ಆ ಚೌಕಟ್ಟಿನ ಮೇಲೆ ಕೂರಿಸುತ್ತಾರೆ. ಅಂಚಿನ ನೀರೇ ಬಿರಡೆ, ಗಾಳಿ ಹೊರಗೆ ಹೋಗುವಂತಿಲ್ಲ. ಒಳಗೆ ಬ್ಯಾಟರಿಯ ಪುಟ್ಟ ಫ್ಯಾನು ಗಾಳಿಯನ್ನು ಕಲಕುತ್ತಿರುತ್ತದೆ, ಪಕ್ಕದಲ್ಲಿ ಥರ್ಮಾಮೀಟರ್. ಮುಚ್ಚಿದ ಕೂಡಲೇ ಒಂದು ಸಿರಿಂಜು ಗಾಳಿ, ಹದಿನೈದು ನಿಮಿಷಕ್ಕೆ ಇನ್ನೊಂದು, ಅರ್ಧ ಗಂಟೆಗೆ ಮತ್ತೊಂದು. ಈ ಸಿರಿಂಜುಗಳು ಪ್ರಯೋಗಾಲಯದ ಗ್ಯಾಸ್ ಕ್ರೊಮೆಟೊಗ್ರಾಫ್ ಯಂತ್ರಕ್ಕೆ ಹೋಗಬೇಕು. ಅರ್ಧ ಗಂಟೆಯಲ್ಲಿ ಮೀಥೇನ್ ಎಷ್ಟು ಏರಿತು ಎಂಬುದರಿಂದ ಒಂದು ಚದರ ಮೀಟರಿಗೆ ಗಂಟೆಗೆ ಎಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ.

ಇದರಲ್ಲಿ ತಪ್ಪು ನುಸುಳುವ ಜಾಗಗಳು ಬಹಳ. ಕೆಸರಿನಲ್ಲಿ ನಿಂತು ಪೆಟ್ಟಿಗೆ ಇಟ್ಟರೆ ಕಾಲಿನ ಒತ್ತಡಕ್ಕೆ ಗುಳ್ಳೆಗಳು ಎದ್ದು ಲೆಕ್ಕ ಕೆಡುತ್ತದೆ. ಅದಕ್ಕೇ ಮೊದಲೇ ಹಲಗೆಯ ಹಾದಿ ಹಾಕಿಕೊಂಡು ಅದರ ಮೇಲೆ ಓಡಾಡಬೇಕು. ಮೂರು ಬಿಂದುಗಳು ಒಂದು ಗೆರೆಯಲ್ಲಿ ಕೂರದಿದ್ದರೆ ಆ ಅಳತೆಯನ್ನು ಬಿಡಬೇಕು. ಪೈರು ಎತ್ತರವಾದಂತೆ ಪೆಟ್ಟಿಗೆಯನ್ನೂ ಎತ್ತರಿಸಬೇಕು. ನಾಟಿಯಿಂದ ಕೊಯ್ಲಿನವರೆಗೆ ಕನಿಷ್ಠ ವಾರಕ್ಕೊಮ್ಮೆ, ಯೂರಿಯಾ ಎರಚಿದ ಮೇಲೆ ಮತ್ತು ನೀರು ಬಸಿದ ಮೇಲೆ ಇನ್ನೂ ಹೆಚ್ಚು ಸಲ ಅಳೆಯಬೇಕು. ಜಪಾನಿನ ತ್ಸುಕುಬಾದ ಕೃಷಿ ಪರಿಸರ ವಿಜ್ಞಾನಿಗಳು 2015ರಲ್ಲಿ ಈ ಇಡೀ ವಿಧಾನಕ್ಕೆ ಒಂದು ಕೈಪಿಡಿ ಪ್ರಕಟಿಸಿದ್ದಾರೆ. ಪೆಟ್ಟಿಗೆ ಇಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಓದಿಯೇ ಗದ್ದೆಗೆ ಇಳಿಯಬೇಕು ಎಂಬುದು ನನ್ನ ಆಗ್ರಹ.

ಮದ್ದೂರಿನ ಕಡೆ ಹೀಗೆ ಪೆಟ್ಟಿಗೆ ಇಟ್ಟಿದ್ದಾಗ ಪಕ್ಕದ ಬದುವಿನ ಮೇಲೆ ನಿಂತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, “ಸಾ, ಇದ್ನ ಇಟ್ಟು ಅಳ್ತೆ ತಕ್ಕೊಂಡೋದ್ರೆ ನಾಳೆ ನಮ್ಗೆ ನೀರು ಬುಡೋದ್ನ ನಿಲ್ಲಿಸ್ಬುಡ್ತಾರಾ?” ಎಂದು ಕೇಳಿದರು. ನಾಲೆ ನೀರಿಗಾಗಿ ವರ್ಷವರ್ಷವೂ ರಸ್ತೆಗಿಳಿಯಬೇಕಾದ ಸೀಮೆಯ ರೈತನಿಗೆ ಈ ಅನುಮಾನ ಬರುವುದು ಸಹಜ. ನೀರು ಕಡಿಮೆ ಮಾಡಿದರೆ ಮೀಥೇನ್ ಕಡಿಮೆಯಾಗುತ್ತದೆ ಎಂಬ ವಿಜ್ಞಾನದ ಮಾತು, ನೀರು ಹಂಚುವ ಅಧಿಕಾರವಿರುವವರ ಬಾಯಲ್ಲಿ ಬೇರೆಯೇ ಅರ್ಥ ಪಡೆಯಬಹುದು. ಅಳೆಯುವವರು ಈ ಪ್ರಶ್ನೆಗೆ ಅಲ್ಲೇ, ಬದುವಿನ ಮೇಲೇ ಉತ್ತರ ಕೊಡಬೇಕು. ಅಳತೆ ಯಾಕೆ, ಫಲಿತಾಂಶ ಯಾರ ಕೈಗೆ ಹೋಗುತ್ತದೆ ಎಂದು ಹೇಳಬೇಕು.

ಈಗ ಸ್ವಲ್ಪ ಲೆಕ್ಕ. ಅಂತರಸರ್ಕಾರಿ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 2006ರ ಮಾರ್ಗಸೂಚಿಯಲ್ಲಿ ಸದಾ ನೀರು ನಿಂತ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 1.30 ಕಿಲೊ ಮೀಥೇನ್ ಎಂದು ಇಟ್ಟಿತ್ತು. 2019ರಲ್ಲಿ ತಿದ್ದುಪಡಿ ಮಾಡಿ ಜಗತ್ತಿನ ಸರಾಸರಿಯನ್ನು 1.19ಕ್ಕೆ ಇಳಿಸಿ, ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕವಾಗಿ 0.85 ಕೊಟ್ಟಿತು. ನಮ್ಮ ಭಾಗದ ಗದ್ದೆಗಳಲ್ಲಿ ಕೈಕೆಸರು ಮಾಡಿಕೊಂಡು ಅಳೆದವರ ದುಡಿಮೆಯೂ ಆ ಇಳಿಕೆಯ ಹಿಂದೆ ಇದೆ. ಗದ್ದೆಯಲ್ಲಿ 120 ದಿನ ನಿಲ್ಲುವ ಬೆಳೆ ಎಂದಿಟ್ಟುಕೊಂಡರೆ 0.85ರ ದರದಲ್ಲಿ ಎಕರೆಗೆ ಸುಮಾರು 41 ಕಿಲೊ ಮೀಥೇನ್ ಆಗುತ್ತದೆ. ನಮ್ಮ ಅಡುಗೆಮನೆಯ 14.2 ಕಿಲೊ ಅನಿಲದ ಸಿಲಿಂಡರುಗಳು ಮೂರು ಇದ್ದರೆ ಅವುಗಳೊಳಗಿನ ಅನಿಲದ ತೂಕ ಎಷ್ಟೋ ಹೆಚ್ಚುಕಮ್ಮಿ ಅಷ್ಟು. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೊ ಮೀಥೇನ್ 27 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಕಿಲೊಗೆ ಸಮ. ವಾತಾವರಣದಲ್ಲಿ ಮೀಥೇನ್ ಕೈಗಾರಿಕಾ ಯುಗಕ್ಕೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಹೆಚ್ಚಾಗಿದೆ. ಅದು ಗಾಳಿಯಲ್ಲಿ ಉಳಿಯುವುದು ಹತ್ತು ಹನ್ನೆರಡು ವರ್ಷ ಮಾತ್ರ, ಆದ್ದರಿಂದ ಇವತ್ತು ತಗ್ಗಿಸಿದ್ದರ ಫಲ ನಮ್ಮ ಮಕ್ಕಳ ಕಾಲಕ್ಕೇ ಸಿಗುತ್ತದೆ. ಇದೆಲ್ಲ ವಿದೇಶಿಯರ ತಲೆನೋವು ಎಂದು ಕೈತೊಳೆದುಕೊಳ್ಳುವವರನ್ನು ನಾನು ಒಪ್ಪುವುದಿಲ್ಲ. ಮುಂಗಾರು ಅಡ್ಡಾದಿಡ್ಡಿಯಾದರೆ ಮೊದಲು ನಷ್ಟಪಡುವವನು ನಮ್ಮ ಭತ್ತದ ರೈತನೇ.

ತಗ್ಗಿಸುವ ದಾರಿ ಗೊತ್ತಿರುವಂಥದ್ದೇ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ವಿಧಾನದಲ್ಲಿ, ತೂತು ಕೊರೆದ ಒಂದಡಿ ಉದ್ದದ ಕೊಳವೆಯನ್ನು ಗದ್ದೆಯಲ್ಲಿ ಹೂಳುತ್ತಾರೆ. ಕೊಳವೆಯೊಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟುತ್ತಾರೆ. ಹೊಡೆ ಬಿಚ್ಚಿ ಹೂವಾಗುವ ಕಾಲದಲ್ಲಿ ಮಾತ್ರ ನೀರು ನಿಂತಿರಬೇಕು. ಹೀಗೆ ಹಲವು ಸಲ ಒಣಗಿಸಿದರೆ ಮೀಥೇನ್ ನೂರರಿಂದ 55ಕ್ಕೆ ಇಳಿಯುತ್ತದೆ ಎಂದು ಐಪಿಸಿಸಿಯ ಸೂತ್ರ ಹೇಳುತ್ತದೆ. ಎಕರೆಗೆ 18, 19 ಕಿಲೊ ಮೀಥೇನ್ ಉಳಿತಾಯ, ಅಂದರೆ ಅರ್ಧ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಟನ್ನಿಗೆ ಒಂದು ಕ್ರೆಡಿಟ್ ಆದ್ದರಿಂದ ಒಂದು ಬೆಳೆಗೆ ಎಕರೆಗೆ ಅರ್ಧ ಕ್ರೆಡಿಟ್. ನಿಮ್ಮ ಮುಂದೆ ಯಾರಾದರೂ ದೊಡ್ಡ ಮೊತ್ತದ ಆಸೆ ತೋರಿಸಿದರೆ ಈ ಅರ್ಧವನ್ನು ನೆನಪಿಡಿ.

ಇಲ್ಲಿಯೇ ಇನ್ನೊಂದು ಅನಿಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗದ್ದೆ ಒಣಗಿ ಮತ್ತೆ ತೇವವಾಗುವಾಗ ಯೂರಿಯಾದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅದರ ಒಂದು ಕಿಲೊ 273 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಎಕರೆಗೆ ಎರಡು ಕಿಲೊ ನೈಟ್ರಸ್ ಆಕ್ಸೈಡ್ ಹೆಚ್ಚುವರಿಯಾಗಿ ಹೊರಟರೆ ಮೀಥೇನಿನ ಉಳಿತಾಯವೆಲ್ಲ ನೀರಿನಲ್ಲಿ ಹೋಮ. 2018ರಲ್ಲಿ ದಕ್ಷಿಣ ಭಾರತದ ಗದ್ದೆಗಳಲ್ಲಿ ಅಳೆದ ತಂಡವೊಂದು ತೀವ್ರವಾಗಿ ಒಣಗಿಸಿದ ಕಡೆ ಹೆಕ್ಟೇರಿಗೆ ಒಂದು ಹಂಗಾಮಿನಲ್ಲಿ 33 ಕಿಲೊವರೆಗೂ ಕಂಡಿದ್ದೇವೆ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆಯಿತು. ಇದನ್ನು ಎಲ್ಲ ಗದ್ದೆಗಳಿಗೂ ಅನ್ವಯಿಸಬಾರದು ಎಂದು ಬೇರೆ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಮರುವರ್ಷ ಆಕ್ಷೇಪಿಸಿದರು. ಬಹುಪಾಲು ಗದ್ದೆಗಳಲ್ಲಿ ಅಷ್ಟು ಬರುವುದಿಲ್ಲ ಎಂದೇ ನನ್ನ ಎಣಿಕೆ. ಆದರೆ ಈ ಅನಿಲ ಎರಡು ಮೂರು ದಿನದಲ್ಲಿ ಭುಗ್ಗನೆ ಎದ್ದು ಮಾಯವಾಗುವಂಥದ್ದು. ತಿಂಗಳಿಗೊಮ್ಮೆ ಪೆಟ್ಟಿಗೆ ಇಡುವವರಿಗೆ ಅದು ಸಿಕ್ಕುವುದೇ ಇಲ್ಲ. ಮೀಥೇನ್ ಮಾತ್ರ ಅಳೆದು ನೈಟ್ರಸ್ ಆಕ್ಸೈಡನ್ನು ಊಹೆಗೆ ಬಿಡುವ ಯಾವ ಯೋಜನೆಯನ್ನೂ ನಾನು ಪೂರ್ಣ ಎನ್ನಲಾರೆ.

ಪೆಟ್ಟಿಗೆಗೆ ಬದಲಾಗಿ ಗೋಪುರ ನಿಲ್ಲಿಸುವ ವಿಧಾನವೂ ಇದೆ. ಗಾಳಿಯ ಸುಳಿಗಳನ್ನೂ ಅವುಗಳಲ್ಲಿರುವ ಮೀಥೇನನ್ನೂ ಸೆಕೆಂಡಿಗೆ ಹತ್ತು ಬಾರಿ ಅಳೆಯುತ್ತ ಹಗಲೂ ರಾತ್ರಿ ಹಲವು ಎಕರೆಯ ಲೆಕ್ಕ ಕೊಡುತ್ತದೆ. ಕಟಕ್‌ನ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಬಳಸಿದೆ. ಆದರೆ ಉಪಕರಣ ದುಬಾರಿ. ನಮ್ಮ ತುಂಡು ತುಂಡು ಹಿಡುವಳಿಯಲ್ಲಿ ಯಾರ ಗದ್ದೆಯ ಅನಿಲ ಯಾವುದು ಎಂದು ಬಿಡಿಸುವುದೂ ಕಷ್ಟ.

ಉಪಗ್ರಹದ ಮೇಲೆ ಎಲ್ಲರಿಗೂ ಬಹಳ ಭರವಸೆ. 2017ರಲ್ಲಿ ಯುರೋಪು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಉಪಕರಣ ದಿನವೂ ಭೂಮಿಯ ಮೀಥೇನನ್ನು ನೋಡುತ್ತದೆ. ಅದು ನೋಡುವುದು ನೆಲದಿಂದ ಮರಳಿ ಬರುವ ಸೂರ್ಯನ ಬೆಳಕನ್ನು. ಮೋಡವಿದ್ದರೆ ಕಾಣದು, ನಿಂತ ನೀರು ಆ ಬೆಳಕನ್ನು ಹೀರಿಕೊಂಡು ಕಪ್ಪಾಗುತ್ತದೆ. ನಮ್ಮ ಮುಖ್ಯ ಭತ್ತದ ಬೆಳೆ ಮುಂಗಾರಿನ ಮೋಡದ ಕೆಳಗೆ, ನೀರಿನ ಮೇಲೆ ನಿಂತಿರುತ್ತದೆ. ಅದರ ಒಂದು ಚುಕ್ಕಿಯ ಅಳತೆ ಏಳು ಕಿಲೊಮೀಟರಿಗೆ ಐದೂವರೆ ಕಿಲೊಮೀಟರ್. ಮಂಡ್ಯದ ಮೇಲೆ ಅಂಥ ಒಂದು ಚುಕ್ಕಿ ಇಟ್ಟು ನೋಡಿ: ಗದ್ದೆ, ಕಬ್ಬು, ಕೆರೆ, ಪಟ್ಟಣದ ಕಸದ ಗುಡ್ಡೆ, ಹಾಲಿನ ಡೇರಿಗೆ ಹಾಲು ಹಾಕುವ ಮನೆಮನೆಯ ಹಸುಗಳು ಎಲ್ಲ ಅದರೊಳಗಿವೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದನ, ಎಮ್ಮೆ ಸೇರಿ 30 ಕೋಟಿ. ಅವುಗಳ ಮೀಥೇನ್ ಭತ್ತದ ಮೂರು ಪಟ್ಟು. ಮೇಲಿನಿಂದ ನೋಡುವ ಕಣ್ಣಿಗೆ ಇವನ್ನು ಬೇರ್ಪಡಿಸಲು ಕೆಳಗಿನ ಅಳತೆ ಬೇಕೇ ಬೇಕು.

ಆದರೂ ಉಪಗ್ರಹದಿಂದ ನಮಗೆ ಒಂದು ದೊಡ್ಡ ಉಪಕಾರವಾಗಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ಜಪಾನಿನ ಗೊಸ್ಯಾಟ್ ಉಪಗ್ರಹ, ವಿಮಾನ ಮತ್ತು ನೆಲದ ಅಳತೆಗಳನ್ನು ಕೂಡಿಸಿ 2010ರಿಂದ 2015ರವರೆಗಿನ ಭಾರತದ ಒಟ್ಟು ಮೀಥೇನ್ ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಎಂದು 2017ರಲ್ಲಿ ತೋರಿಸಿದರು. ದನ, ಗದ್ದೆ, ಗಣಿ, ಕಸ ಎಲ್ಲ ಸೇರಿದ ಈ ಮೊತ್ತ ಭಾರತ ತಾನೇ ಕೊಟ್ಟ ವರದಿಗೆ ಹೊಂದುತ್ತಿತ್ತು. ಗದ್ದೆಯೊಂದರಿಂದಲೇ 3.8 ಕೋಟಿ ಟನ್ ಎಂಬ ಹಳೆಯ ಅಂಕಿ ಆಕಾಶದ ಸಾಕ್ಷಿಯಿಂದಲೂ ಬಿದ್ದುಹೋಯಿತು. ಮಿತ್ರ ಅವರು 2007ರಲ್ಲಿ ತೀರಿಕೊಂಡಿದ್ದರು. ಈ ಫಲಿತಾಂಶವನ್ನು ಅವರು ನೋಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಮೋಡವನ್ನು ಹಾಯ್ದು ನೋಡುವ ರೇಡಾರ್ ಉಪಗ್ರಹಗಳು ಮೀಥೇನನ್ನು ಕಾಣುವುದಿಲ್ಲ, ಗದ್ದೆಯಲ್ಲಿ ನೀರಿದೆಯೇ ಎಂಬುದನ್ನು ಕಾಣುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಅಂಥದ್ದು. ನಾಸಾ ಮತ್ತು ಇಸ್ರೊ ಕೂಡಿ ಕಟ್ಟಿದ ಅದರ ಜೋಡಣೆಯ ಕೊನೆಯ ಹಂತ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಹನ್ನೆರಡು ದಿನಕ್ಕೆ ಎರಡು ಸಲ ಅದು ಒಂದೇ ಜಾಗವನ್ನು ನೋಡುತ್ತದೆ. ಎರಡು ನೋಟಗಳ ನಡುವೆ ಒಣಗಿ ಮತ್ತೆ ತುಂಬಿದ ಗದ್ದೆ ಸದಾ ತುಂಬಿದ್ದಂತೆಯೇ ಕಾಣಬಹುದು. ಯಾವ ನಾಲೆಗೆ ಯಾವ ದಿನ ನೀರು ಬಿಟ್ಟರು ಎಂಬ ನೀರಾವರಿ ಇಲಾಖೆಯ ದಾಖಲೆ, ತೂಬು ತೆಗೆದು ಮುಚ್ಚುವ ನೀರುಗಂಟಿಯ ನೆನಪು ಇವನ್ನು ಅದರ ಪಕ್ಕದಲ್ಲಿಟ್ಟರೆ ಚಿತ್ರ ಪೂರ್ಣವಾದೀತು.

ನೀರಿನ ಈ ಹಳೆಯ ದಾಖಲೆಯೇ ಕಾರ್ಬನ್ ಕ್ರೆಡಿಟ್ ವ್ಯವಹಾರದ ಮರ್ಮಸ್ಥಾನ. ಯೋಜನೆ ಶುರುವಾಗುವ ಮೊದಲು ರೈತ ಹೇಗೆ ನೀರು ಕಟ್ಟುತ್ತಿದ್ದ ಎಂಬುದನ್ನು ನಿರ್ಧರಿಸಿ, ಅಲ್ಲಿಂದ ಎಷ್ಟು ಇಳಿಯಿತು ಎಂದು ನೋಡಿ ಹಣ ಕೊಡುತ್ತಾರೆ. 2024ರ ಆಗಸ್ಟಿನಲ್ಲಿ ವೆರಾ ಎಂಬ ಕ್ರೆಡಿಟ್ ನೋಂದಣಿ ಸಂಸ್ಥೆ ಚೀನಾದ 37 ಭತ್ತದ ಮೀಥೇನ್ ಯೋಜನೆಗಳನ್ನು ನಿಯಮಕ್ಕೆ ಹೊಂದುವುದಿಲ್ಲವೆಂದು ತಿರಸ್ಕರಿಸಿತು. ಚೀನಾದಲ್ಲಿ ಬೆಳೆಯ ಮಧ್ಯೆ ನೀರು ಬಸಿಯುವುದು ದಶಕಗಳಿಂದ ರೂಢಿಯಲ್ಲಿದೆ. ಮೊದಲೇ ಮಾಡುತ್ತಿದ್ದುದಕ್ಕೆ ಹೊಸದಾಗಿ ಹಣ ಕೇಳಿದರೆ ಗಾಳಿಗೆ ಏನೂ ಲಾಭವಿಲ್ಲ.

ಇದನ್ನು ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಗೆ ಹಚ್ಚಿ ನೋಡೋಣ. ಇಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕೆಲವು ದಿನ ನೀರು, ಕೆಲವು ದಿನ ಬಂದ್. ನಾಲೆಯ ತಲೆಭಾಗದವನ ಗದ್ದೆಯಲ್ಲಿ ಬಸಿನೀರಿನಿಂದಾಗಿ ಬಂದ್ ಇದ್ದಾಗಲೂ ನೀರು ನಿಂತಿರುತ್ತದೆ. ಕೊನೆಭಾಗದವನ ಗದ್ದೆ ಕಟ್ಟು ಬರುವಷ್ಟರಲ್ಲಿ ಬಿರುಕು ಬಿಟ್ಟಿರುತ್ತದೆ. ಕ್ರೆಡಿಟ್ ನಿಯಮದ ಪ್ರಕಾರ ತಲೆಭಾಗದವನು ನೀರು ಕಡಿಮೆ ಮಾಡಿದರೆ ಹಣ ಸಿಗುತ್ತದೆ. ಇಷ್ಟು ವರ್ಷ ನೀರಿಲ್ಲದೆ, ಇಳುವರಿ ಕಳೆದುಕೊಂಡು, ಮೀಥೇನನ್ನೂ ಕಡಿಮೆ ಬಿಟ್ಟುಕೊಂಡು ಬಂದ ಕೊನೆಭಾಗದವನಿಗೆ ಏನೂ ಇಲ್ಲ. ತಲೆಭಾಗದಲ್ಲಿ ಉಳಿದ ನೀರು ಕೊನೆಭಾಗಕ್ಕೆ ತಲುಪಿತೇ ಎಂಬುದನ್ನೂ ಇದೇ ಲೆಕ್ಕದಲ್ಲಿ ಸೇರಿಸಿದರೆ ಆಗ ನಾನು ಈ ಯೋಜನೆಗಳ ಪರವಾಗಿ ಊರೂರು ತಿರುಗಿ ಮಾತಾಡಲು ಸಿದ್ಧ.

ನಮ್ಮ ರಾಜ್ಯದ ಭತ್ತ ಒಂದು ಬಗೆಯದಲ್ಲ. ಗಂಗಾವತಿ, ಸಿರುಗುಪ್ಪ, ಸಿಂಧನೂರುಗಳ ಕಪ್ಪು ಮಣ್ಣಿನಲ್ಲಿ ತುಂಗಭದ್ರೆಯ ನೀರು ಉದ್ದಕ್ಕೂ ನಿಲ್ಲುತ್ತದೆ, ರಸಗೊಬ್ಬರವೂ ಹೆಚ್ಚು. ಧಾರವಾಡ, ಹಳಿಯಾಳದ ಕಡೆ ಕೂರಿಗೆಯಲ್ಲಿ ಬಿತ್ತುವ ಭತ್ತಕ್ಕೆ ಆರಂಭದಲ್ಲಿ ನೀರೇ ನಿಲ್ಲುವುದಿಲ್ಲ. ಮಲೆನಾಡಿನ, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೆಚ್ಚಿರುವುದರಿಂದ ಮೀಥೇನ್ ಶುರುವಾಗುವುದೇ ತಡವಾಗಬೇಕು. ಇನ್ನು ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವಿದೆ. ಸಮುದ್ರದ ಉಬ್ಬರದ ನೀರು ತರುವ ಸಲ್ಫೇಟ್ ಅಲ್ಲಿ ಮಣ್ಣಿನಲ್ಲಿ ಉಳಿದಿರುತ್ತದೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಮೀಥೇನ್ ಆರ್ಕಿಯಾಗಳ ಆಹಾರವನ್ನು ಕಸಿದುಕೊಳ್ಳುತ್ತವೆ. ಉಪ್ಪು ನೀರಿನಲ್ಲಿ, ಗೊಬ್ಬರವಿಲ್ಲದೆ, ಆಳೆತ್ತರ ಬೆಳೆಯುವ ಆ ಭತ್ತ ಹವಾಮಾನದ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ನಮ್ಮ ಕರ್ತವ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಚ್.ಇ. ಶಶಿಧರ ಅವರು ರೂಪಿಸಿದ ಏರೋಬಿಕ್ ಭತ್ತದ ತಳಿಗಳು ರಾಗಿಯಂತೆ ನೀರು ನಿಲ್ಲಿಸದೆ ಬೆಳೆಯುವಂಥವು. ಅವುಗಳ ನೈಟ್ರಸ್ ಆಕ್ಸೈಡ್ ಲೆಕ್ಕವನ್ನೂ ಸೇರಿಸಿಯೇ ಶಿಫಾರಸು ಆಗಬೇಕು. ಇಷ್ಟೆಲ್ಲ ಬಗೆಗಳಿಗೆ 0.85 ಎಂಬ ಒಂದೇ ಅಂಕಿ ಹಾಕುವುದು, 1990ರಲ್ಲಿ ಭಾರತದ ಮೇಲೆ ಯುರೋಪಿನ ದರ ಹೇರಿದ ಕೆಲಸವನ್ನು ನಮ್ಮೊಳಗೆ ನಾವೇ ಮಾಡಿಕೊಂಡಂತೆ.

ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟು. ಮಂಡ್ಯದ ವಿ.ಸಿ. ಫಾರಂ, ಗಂಗಾವತಿ, ಧಾರವಾಡದ ಬಳಿಯ ಮುಗದ, ಬ್ರಹ್ಮಾವರ ಈ ನಾಲ್ಕೂ ಕಡೆ ಭತ್ತದ ಸಂಶೋಧನೆ ನಡೆಸುವ ಸರ್ಕಾರಿ ಕೇಂದ್ರಗಳಿವೆ. ಪ್ರತಿ ಕೇಂದ್ರದಲ್ಲಿ ಮತ್ತು ಅದರ ಸುತ್ತಲಿನ ರೈತರ ಗದ್ದೆಗಳಲ್ಲಿ ಪೆಟ್ಟಿಗೆಗಳನ್ನಿಟ್ಟು, ಎರಡೂ ಅನಿಲಗಳನ್ನು ಮೂರು ವರ್ಷ ಬಿಡದೆ ಅಳೆಯಿರಿ. ಒಂದೇ ಗ್ಯಾಸ್ ಕ್ರೊಮೆಟೊಗ್ರಾಫ್ ಹಲವು ಕೇಂದ್ರಗಳ ಸಿರಿಂಜುಗಳನ್ನು ನೋಡಬಲ್ಲದು, ಖರ್ಚು ಕೈಮೀರುವುದಿಲ್ಲ. ಬಂದ ಅಂಕಿಗಳನ್ನು ರೈತ ಸಂಪರ್ಕ ಕೇಂದ್ರದ ಫಲಕದ ಮೇಲೆ ಕನ್ನಡದಲ್ಲಿ ಹಾಕಿ. ಗದ್ದೆಯ ಒಡೆಯನಿಗೆ ಅವನ ಗದ್ದೆಯ ಲೆಕ್ಕದ ಪ್ರತಿ ಕೊಡಿ. ರೈತಬಂಧುಗಳಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು. ಯಾವ ಕಂಪನಿಯ ಕಾಗದಕ್ಕೂ ಸಹಿ ಹಾಕುವ ಮೊದಲು, ಈ ಮುಂಗಾರಿನಲ್ಲಿ ನಿಮ್ಮ ಗದ್ದೆಯಲ್ಲಿ ಯಾವ ದಿನ ನೀರು ನಿಂತಿತ್ತು, ಯಾವ ದಿನ ಒಣಗಿತ್ತು, ಯಾವ ದಿನ ಗೊಬ್ಬರ ಹಾಕಿದಿರಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ನಿಮ್ಮ ಬಳಿ ಇದ್ದರೆ, ನಿಮ್ಮ ಗದ್ದೆ ಮೊದಲು ಹೇಗಿತ್ತು ಎಂದು ಹೇಳುವ ಹಕ್ಕು ನಿಮ್ಮ ಬಳಿಯೇ ಇರುತ್ತದೆ.